ಅರ್ಧ ಸುತ್ತು ಸಡಿಲ

ಸುಕುಮಾರನ ಬೆಸುಗೆ ಚೆಂದ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು, ಈಗಲೂ ಹಲ್ಲು ಕಚ್ಚಿಕೊಂಡೇ ಹೇಳುತ್ತಿದ್ದೇನೆ. ಸ್ಟೀಲಿನ ಎರಡು ತುಂಡು ಸೇರುವಲ್ಲಿ ಅವನು ಎಳೆದ ಗೆರೆ ಹೊಲಿಗೆ ಮಿಶನ್ನಿನಲ್ಲಿ ಹಾಕಿದ ಹಾಗೆ ಒಂದೇ ಅಳತೆಯಲ್ಲಿರುತ್ತದೆ. ನನ್ನದು ಗಟ್ಟಿ. ಗಟ್ಟಿ ಅಂದರೆ ಆನೆ ಎಳೆದರೂ ಬಾರದು. ಆದರೆ ಜನ ಗೇಟು ಮಾಡಿಸುವುದು ಆನೆಗೋಸ್ಕರ ಅಲ್ಲ, ನೆರೆಮನೆಯವರು ನೋಡಲಿ ಅಂತ. ಹಾಗಾಗಿ ಜನ ಅವನ ಹತ್ತಿರ ಹೋಗುತ್ತಾರೆ.

ನಾನು ಧನರಾಜ್. ಒಂಬತ್ತು ವರ್ಷ ಕುವೈತಿನಲ್ಲಿ ಪೈಪುಗಳ ನಡುವೆ ದುಡಿದು ಬಂದು ಎಡನೀರಿನಲ್ಲಿ ರಸ್ತೆ ಬದಿಗೆ ವರ್ಕ್‌ಶಾಪ್ ಹಾಕಿದವನು. ಸುಕುಮಾರನ ವರ್ಕ್‌ಶಾಪ್ ಬದಿಯಡ್ಕದಲ್ಲಿ. ಅವನು ನನ್ನ ತಂಗಿ ಸುಂದರಿಯ ಗಂಡನ ತಮ್ಮ. ಸಂಬಂಧದಲ್ಲಿ ಭಾವ, ಕಸುಬಿನಲ್ಲಿ ವೈರಿ. ವೈರಿ ಅಂತ ತಿಳಿದುಕೊಂಡದ್ದು ನಾನೊಬ್ಬನೇ. ಅವನಿಗೆ ಅದಕ್ಕೆಲ್ಲ ಪುರುಸೊತ್ತು ಇರಲಿಲ್ಲ.

ಗೇಟು, ಗ್ರಿಲ್ಲು, ಮೆಟ್ಟಿಲ ಕೈಹಿಡಿ ಎಲ್ಲ ಅವನಿಗೆ ಹೋಗಲಿ, ಸಹಿಸಿಕೊಳ್ಳುತ್ತಿದ್ದೆ. ಉಯ್ಯಾಲೆ ಅವನಿಗೆ ಹೋದದ್ದನ್ನು ಸಹಿಸಲಾಗಲಿಲ್ಲ.

ಸುಂದರಿಗೆ ಒಬ್ಬಳೇ ಮಗಳು, ಅಮ್ಮು. ಹದಿಮೂರು ವರ್ಷ. ಮಾತು ಬಂದಿಲ್ಲ, ಇನ್ನು ಬರುವುದೂ ಇಲ್ಲ ಅಂತ ಡಾಕ್ಟರು ಹೇಳಿ ಆಗಿದೆ. ಅವಳಿಗೆ ಸಮಾಧಾನ ಸಿಗುವುದು ತೂಗಿಕೊಳ್ಳುವುದರಲ್ಲಿ ಮಾತ್ರ. ಬೆಳಿಗ್ಗೆ ಎರಡು ಗಂಟೆ, ಶಾಲೆಯಿಂದ ಬಂದ ಮೇಲೆ ಎರಡು ಗಂಟೆ, ಮಧ್ಯೆ ನಿಲ್ಲಿಸಿದರೆ ಗೋಡೆಗೆ ತಲೆ ಬಡಿದುಕೊಳ್ಳುತ್ತಾಳೆ. ಹಗ್ಗದ ಉಯ್ಯಾಲೆ ತಿಂಗಳಿಗೊಂದು ಸವೆಯುತ್ತಿತ್ತು. ಚೈನಿನಲ್ಲಿ ಒಮ್ಮೆ ಬೆರಳು ಸಿಕ್ಕಿಕೊಂಡಿತು. ಕೊನೆಗೆ ಸ್ಟೀಲಿನದ್ದೇ ಒಂದು ಮಾಡಿಸುವುದು ಅಂತ ತೀರ್ಮಾನವಾಯಿತು.

ನಮ್ಮಲ್ಲಿ ಸೋದರಮಾವ ಅಂದರೆ ಸುಮ್ಮನೆ ಅಲ್ಲ. ಮಾವನ ಆಸ್ತಿ ತಂಗಿಯ ಮಕ್ಕಳಿಗೆ ಹೋಗುವ ಅಳಿಯಕಟ್ಟು ಕಾನೂನಿನಿಂದ ಹೋಗಿರಬಹುದು, ಮನಸ್ಸಿನಿಂದ ಹೋಗಿಲ್ಲ. ಅಮ್ಮು ಹುಟ್ಟಿದಾಗ ತೊಟ್ಟಿಲಿಗೆ ಕೊಕ್ಕೆ ಮಾಡಿಕೊಟ್ಟವನು ನಾನು. ಉಯ್ಯಾಲೆಯೂ ನನ್ನ ಕೈಯಿಂದಲೇ ಆಗಬೇಕು ಅಂತ ನಾನು ನೆಕ್ರಾಜೆಯ ಅವಳ ಮನೆಗೆ ಹೋಗಿ, ಮುಂದಿನ ಜಗಲಿ, ಅದೇ ಸಿಟೌಟಿನ ಅಳತೆ ಕೂಡ ತೆಗೆದುಕೊಂಡು ಬಂದಿದ್ದೆ. ಅಷ್ಟರಲ್ಲಿ ಸುಂದರಿಯ ಗಂಡ ಶಾರ್ಜಾದಿಂದ ಫೋನ್ ಮಾಡಿ ತಮ್ಮನಿಗೆ ಹೇಳಿಬಿಟ್ಟ. ಸುಂದರಿ ಬೇಡ ಅನ್ನಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಉಯ್ಯಾಲೆ ಬಂತು. ಕೈಬೆರಳಿನ ದಪ್ಪದ ಎರಡು ಉದ್ದ ಸರಳು, ಎಡಕ್ಕೊಂದು ಬಲಕ್ಕೊಂದು. ಪ್ರತಿಯೊಂದರ ತುದಿಗೆ ಒಂದು ಬಳೆ ಬೆಸೆದು, ಆ ಬಳೆಯನ್ನು ಚಾವಣಿಯಲ್ಲಿ ಎರಡು ಪ್ಲೇಟುಗಳ ನಡುವೆ ಬೋಲ್ಟಿನಲ್ಲಿ ತೂಗುಹಾಕಿದ್ದ. ಕೆಳಗೆ ಕೈ ಇರುವ ಕುರ್ಚಿ, ಸೊಂಟಕ್ಕೆ ಬೆಲ್ಟು. ಬಂದವರೆಲ್ಲ ಬೆಸುಗೆ ಮುಟ್ಟಿ ನೋಡುವುದು, "ಯಾರು ಮಾಡಿದ್ದು ಮಾರಾಯ್ತಿ?" ಅಂತ ಸುಂದರಿಯನ್ನು ಕೇಳುವುದು. ಅಮ್ಮುವಿಗಂತೂ ಸುಕುಮಾರನ ಸ್ಕೂಟರಿನ ಶಬ್ದ ಗೇಟಿನ ಹತ್ತಿರ ಕೇಳಿದರೆ ಸಾಕು, ಕೈ ಬಡಿಯುತ್ತಿದ್ದಳು. ನನ್ನ ಬೈಕಿಗೆ ಯಾವತ್ತೂ ಬಡಿದವಳಲ್ಲ. ಹೊಟ್ಟೆಕಿಚ್ಚು ಅನ್ನಿ, ಏನು ಬೇಕಾದರೂ ಅನ್ನಿ. ಐವತ್ತೆರಡು ವರ್ಷದ ಗಂಡಸು ಒಂದು ಸ್ಕೂಟರಿನ ಮೇಲೆ ಹೊಟ್ಟೆ ಉರಿಸಿಕೊಂಡೆ.

ಎರಡು ತಿಂಗಳಾದ ಮೇಲೆ ಉಯ್ಯಾಲೆ ಎಡಬದಿಯಲ್ಲಿ ಕಿರ್ ಅನ್ನಲು ಶುರುವಾಯಿತು. ಹೋಗುವಾಗ ಕಿರ್, ಬರುವಾಗ ಕಿರ್. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ನೋಡು ಸುಂದರಿ, ನಿನ್ನ ಮೈದುನನ ಕೆಲಸ. ಚೆಂದ ಉಂಟು, ಗಟ್ಟಿ ಇಲ್ಲ" ಅಂದೆ.

"ಎಣ್ಣೆ ಬಿಟ್ಟರೆ ಸರಿಯಾಗ್ತದೆ ಅಂತ ಅವನು ಹೇಳಿದ್ದಾನೆ ಅಣ್ಣ."

"ಎಣ್ಣೆ ಬಿಡ್ಲಿಕ್ಕೆ ಇದೇನು ತಲೆಯಾ? ಏಣಿ ತಾ."

ಏಣಿ ಹತ್ತಿ ನೋಡಿದರೆ ನಟ್ ಸಡಿಲ. ಬಳೆ ಬೋಲ್ಟಿನ ಮೇಲೆ ಅತ್ತಿತ್ತ ತಿರುಗುತ್ತಿದೆ. ಅದರ ಹಿಂದೆ ಇನ್ನೊಂದು ನಟ್ ಬೇರೆ. ಒಂದು ಬೋಲ್ಟಿಗೆ ಎರಡು ನಟ್ ಯಾಕೆ ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಇಪ್ಪತ್ತೈದು ವರ್ಷದ ಅನುಭವ ನನ್ನದು. ಮೊದಲನೆಯದನ್ನು ಬೇಕೆಂದೇ ಸಡಿಲ ಬಿಟ್ಟು, ಅದು ಕಳಚಿ ಬೀಳದ ಹಾಗೆ ಎರಡನೆಯದನ್ನು ಅದಕ್ಕೆ ಒತ್ತಿ ನಿಲ್ಲಿಸುವುದು. ಬೇರೆ ಯಾರಾದರೂ ಮಾಡಿದ್ದರೆ ತಕ್ಷಣ ಹೊಳೆಯುತ್ತಿತ್ತು. ಸುಕುಮಾರ ಮಾಡಿದ್ದಲ್ಲವಾ, ಮೊಸರಲ್ಲಿ ಕಲ್ಲು ಹುಡುಕಲು ಹೋದವನಿಗೆ ಕಲ್ಲೇ ಕಂಡಿತು. ಸ್ಪಾನರು ಹಾಕಿ ಎರಡು ನಟ್ಟನ್ನೂ ಕೈ ನೋಯುವಷ್ಟು ಬಿಗಿದೆ. ಕಿರ್ ನಿಂತಿತು.

ಕೆಳಗೆ ಅಮ್ಮು ಅಳಲು ಶುರುಮಾಡಿದಳು. ಹಸಿವಾಗಿರಬೇಕು ಅಂತ ಸುಂದರಿಗೆ ಹೇಳಿ ನಾನು ಚಹಾ ಕುಡಿದು ಬಂದೆ. ಒಂದು ನಟ್ ಬಿಗಿಯಲೂ ಬಾರದವ ಅಂತ ಎಡನೀರಿನಲ್ಲಿ ನಾಲ್ಕು ಜನರ ಹತ್ತಿರ ಹೇಳಿಯೂ ಆಯಿತು.

ಆಮೇಲೆ ಮೂರು ತಿಂಗಳಿಗೆ ಸುಂದರಿಯ ಗಂಡ ರಜೆಯಲ್ಲಿ ಬಂದ. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ನಾವೆಲ್ಲ ಸೇರಿದ್ದೆವು. ಅಮ್ಮು ಹೋಗುವ ವಿಶೇಷ ಮಕ್ಕಳ ಶಾಲೆಯ ಅನ್ನಪೂರ್ಣೇಶ್ವರಿ ಟೀಚರೂ ಬಂದಿದ್ದರು. ಪಾಯಸ ಕುಡಿಯುತ್ತಾ ಟೀಚರು ಉಯ್ಯಾಲೆಯನ್ನೇ ನೋಡುತ್ತಿದ್ದರು.

"ಸುಕುಮಾರ, ನಮ್ಮ ಶಾಲೆಗೆ ಇಂಥದ್ದೇ ಐದು ಬೇಕಲ್ಲ. ಪಂಚಾಯತಿನವರು ಒಪ್ಪಿದ್ದಾರೆ. ನೀವೇ ಮಾಡಿಕೊಡ್ಬೇಕು" ಅಂದರು.

ಐದು! ಟೀಚರು ನನ್ನ ಪಕ್ಕದಲ್ಲೇ ಕೂತಿದ್ದರು. ನಾನೂ ಸ್ಟೀಲಿನ ಕೆಲಸದವನೇ ಅನ್ನುವುದು ಅವರಿಗೆ ನೆನಪಾಗಲಿಲ್ಲ. ಪಾಯಸದ ಲೋಟ ಕೆಳಗಿಟ್ಟೆ. ನನ್ನ ಕೀ ಚೈನಿನಲ್ಲಿ ಹಳೇ ಸ್ಪೀಕರಿನಿಂದ ತೆಗೆದ ಒಂದು ಮ್ಯಾಗ್ನೆಟ್ ಯಾವಾಗಲೂ ಇರುತ್ತದೆ. ಪಾತ್ರೆ ಅಂಗಡಿಯಲ್ಲಿ ಹೆಂಗಸರೂ ಮಾಡುವ ಪರೀಕ್ಷೆ ಅದು. ಮ್ಯಾಗ್ನೆಟ್ ಹಿಡಿದರೆ ಡೂಪ್ಲಿಕೇಟ್, ಹಿಡಿಯದಿದ್ದರೆ ಒಳ್ಳೆಯ ಸ್ಟೀಲ್. ಏನಾದರೂ ಸಿಕ್ಕೀತು ಅನ್ನುವ ಆಸೆಯಿಂದಲೇ ನಾನು ಕೂತಿದ್ದ ಕುರ್ಚಿಯ ಮೇಲೆ ನಿಂತು ಎಡಗಡೆಯ ಸರಳಿಗೆ ಇಟ್ಟು ನೋಡಿದೆ. ಬೆಸುಗೆಯ ಮೇಲೆ ಸ್ವಲ್ಪ ಹಿಡಿಯುವುದು ಇದ್ದದ್ದೇ, ಅದನ್ನು ಬಿಟ್ಟು ಅದರ ಕೆಳಗೆ ಬರೀ ಸರಳಿನ ಮೇಲೆ ಇಟ್ಟೆ.

ಹಿಡಿಯಿತು. ಕೀಗೊಂಚಲಿನ ಭಾರ ಹೊತ್ತುಕೊಂಡು ಅಂಟಿ ನಿಂತಿತು.

"ಟೀಚರೇ, ಇಲ್ಲಿ ನೋಡಿ. ಇದು ಎಂತ ಸ್ಟೀಲು ಅಂತ ನಿಮ್ಮ ಸುಕುಮಾರನನ್ನು ಕೇಳಿ" ಅಂದೆ. ಅಷ್ಟು ಹೇಳಿ ಸುಮ್ಮನಾದೆನಾ? ಇಲ್ಲ. ಸ್ವಂತ ಅಣ್ಣನ ಮಗಳಿಗೇ ಡೂಪ್ಲಿಕೇಟ್ ಮಾಲು ಹಾಕಿದವ ಶಾಲೆಯ ಮಕ್ಕಳಿಗೆ ಏನು ಹಾಕಿಯಾನು ಅಂತಲೂ ಅಂದೆ. ಎಲ್ಲರೂ ಅವನ ಮುಖ ನೋಡಿದರು. ಅವನ ಮುಖ ಕಪ್ಪಿಟ್ಟಿತು. ಎದ್ದು ಕೈ ತೊಳೆದು ಹೊರಟುಹೋದ. ಟೀಚರು ಐದು ಉಯ್ಯಾಲೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಅವತ್ತು ನಾನು ಎರಡನೇ ಸಲ ಪಾಯಸ ಹಾಕಿಸಿಕೊಂಡೆ. ಸತ್ಯ ಹೇಳಬೇಕಲ್ಲ, ಬಹಳ ರುಚಿಯಾಗಿತ್ತು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಸುಕುಮಾರ ನನ್ನ ವರ್ಕ್‌ಶಾಪಿಗೆ ಬಂದ. ಕೈಯಲ್ಲಿ ಒಂದು ಮೊಳದಷ್ಟು ಸರಳು.

"ಭಾವ, ಉಯ್ಯಾಲೆಗೆ ಎರಡು ಸರಳು ತಂದದ್ದು. ಕತ್ತರಿಸಿ ಉಳಿದದ್ದರಲ್ಲಿ ಇದೊಂದು ತುಂಡು ಸಿಕ್ಕಿತು. ಹಿಡಿಸಿ ನೋಡಿ."

ಹಿಡಿಸಿದೆ. ಮ್ಯಾಗ್ನೆಟ್ ಜಾರಿ ಬಿತ್ತು. ತಿರುಗಿಸಿ ಇಟ್ಟೆ, ಮತ್ತೆ ಬಿತ್ತು. ತುದಿಯಿಂದ ತುದಿಗೆ ಎಲ್ಲಿಯೂ ಹಿಡಿಯಲಿಲ್ಲ.

"ಇನ್ನೊಂದು ಸರಳು ಹೇಗಿತ್ತೋ ನಂಗೆ ಗೊತ್ತಿಲ್ಲ" ಅಂದ ಅವನು. "ಎರಡೂ ಒಂದೇ ಅಂಗಡಿಯಿಂದ ತಂದದ್ದು. ನಾನು ಮೋಸ ಮಾಡಿಲ್ಲ ಭಾವ. ಅಷ್ಟು ಮಾತ್ರ ನಿಮಗೆ ಹೇಳ್ಬೇಕಿತ್ತು."

ಜಗಳಕ್ಕೆ ಬಂದಿದ್ದರೆ ಜಗಳ ಮಾಡಬಹುದಿತ್ತು. ಅವನು ಜಗಳ ಆಡಲಿಲ್ಲ. ಸರಳನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದ.

ನನಗೆ ಕೆಲಸಕ್ಕೆ ಮನಸ್ಸು ಬರಲಿಲ್ಲ. ಸೋತೆ ಅಂತ ಒಪ್ಪಲೂ ಆಗಲಿಲ್ಲ. ಬಲಗಡೆಯ ಸರಳನ್ನೂ ಒಮ್ಮೆ ನೋಡಿಬಿಡುವುದು, ಅದೂ ಹಿಡಿದರೆ ಅವನ ಬಾಯಿ ಮುಚ್ಚಿಸಬಹುದು ಅಂದುಕೊಂಡು ಬೈಕು ಹತ್ತಿ ನೆಕ್ರಾಜೆಗೆ ಹೋದೆ. ಅಮ್ಮುವಿಗೆ ಆ ದಿನ ಶಾಲೆ ಇರಲಿಲ್ಲ, ಉಯ್ಯಾಲೆಯಲ್ಲಿ ಕೂತು ತೂಗಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಮುಖ ಆಚೆ ತಿರುಗಿಸಿದಳು. ಅವಳನ್ನು ನಿಲ್ಲಿಸುವ ಹಾಗಿಲ್ಲ, ಪಕ್ಕದಲ್ಲೇ ಏಣಿ ಇಟ್ಟು ಹತ್ತಿದೆ.

ಬಲಗಡೆಯ ಸರಳಿಗೆ ಮ್ಯಾಗ್ನೆಟ್ ಹಿಡಿಯಲಿಲ್ಲ. ಎಡಗಡೆಗೆ ಏಣಿ ಸರಿಸಿದೆ. ಒಂದಡಿ ಕೆಳಗೆ ಇಟ್ಟೆ, ಅಲ್ಲಿಯೂ ಹಿಡಿಯಲಿಲ್ಲ. ಮೇಲೆ ಮೇಲೆ ಸರಿಸುತ್ತಾ ಹೋದೆ. ಬೆಸುಗೆಗಿಂತ ಎರಡು ಬೆರಳು ಕೆಳಗೆ ಬಂದಾಗ ಮಾತ್ರ ಮ್ಯಾಗ್ನೆಟ್ ನನ್ನ ಕೈಯಿಂದ ತಾನಾಗಿ ಹೋಗಿ ಕೂತಿತು. ಡೂಪ್ಲಿಕೇಟ್ ಆಗಿದ್ದರೆ ಉದ್ದಕ್ಕೂ ಹಿಡಿಯಬೇಕಿತ್ತು. ಇದು ಎರಡೇ ಬೆರಳು ಜಾಗ.

ಆಗ ಕಣ್ಣ ಮುಂದೆ ಇದ್ದದ್ದು ಕಂಡಿತು. ಬಲಗಡೆಯ ಬಳೆ ಬೋಲ್ಟಿನ ಮೇಲೆ ಆರಾಮವಾಗಿ ತಿರುಗುತ್ತಿತ್ತು. ಎಡಗಡೆಯ ಬಳೆ ತಿರುಗುತ್ತಿರಲಿಲ್ಲ. ಬಿಗಿದ ಪ್ಲೇಟುಗಳ ನಡುವೆ ಅದು ಕಚ್ಚಿ ನಿಂತಿತ್ತು, ಅಮ್ಮು ಒಮ್ಮೆ ಹೋಗಿ ಬಂದಾಗಲೆಲ್ಲ ಸರಳೇ ಬಗ್ಗಿ ಬಗ್ಗಿ ಏಳುತ್ತಿತ್ತು. ಸರಿಯಾಗಿ ಆ ಎರಡು ಬೆರಳಿನ ಜಾಗದಲ್ಲಿ.

ಕುವೈತಿನಲ್ಲಿ ನಮ್ಮ ಸೈಟಿಗೆ ಪಯ್ಯನ್ನೂರಿನ ಒಬ್ಬ ಇನ್‌ಸ್ಪೆಕ್ಟರ್ ಬರುತ್ತಿದ್ದ. ಅವನ ಉಪಕರಣದ ಪೆಟ್ಟಿಗೆ ಹೊರುವುದು ನನ್ನ ಕೆಲಸವಾಗಿತ್ತು. ನಡುಗುವ ಪೈಪಿಗೆ ಅವನು ಮ್ಯಾಗ್ನೆಟ್ ಇಟ್ಟು ನೋಡುವಾಗ ನಾನು ನಕ್ಕಿದ್ದೆ. ಅವನು ಬೈಯದೆ ವಿವರಿಸಿದ್ದ. ಈ ಜಾತಿಯ ಸ್ಟೀಲಿಗೆ ಆಸ್ಟೆನಿಟಿಕ್ ಅಂತ ಹೆಸರು, ಒಳಗೆ ಅದರ ಕಣಗಳು ಕೂತ ಕ್ರಮ ಮ್ಯಾಗ್ನೆಟ್ಟಿಗೆ ಒಲಿಯುವುದಿಲ್ಲ. ಆದರೆ ಒಂದೇ ಜಾಗದಲ್ಲಿ ಸಾವಿರ ಸಲ, ಲಕ್ಷ ಸಲ ಬಗ್ಗಿಸಿದರೆ ಅದಕ್ಕೂ ದಣಿವಾಗುತ್ತದೆ. ದಣಿದ ಕಡೆ ಆ ಕ್ರಮ ಮುರಿದು ಬೇರೆಯಾಗುತ್ತದೆ, ಅಲ್ಲಿ ಮಾತ್ರ ಮ್ಯಾಗ್ನೆಟ್ ಹಿಡಿಯುತ್ತದೆ. ಬಿರುಕು ಹುಟ್ಟುವುದೂ ಅಲ್ಲೇ. "ಹೊರಗಿನಿಂದ ಹೊಳೆಯುತ್ತಲೇ ಇರ್ತದೆ ಧನರಾಜ್, ಹೊಳಪು ನೋಡಿ ಮೋಸ ಹೋಗ್ಬೇಡ" ಅಂದಿದ್ದ.

ದಿನಕ್ಕೆ ನಾಲ್ಕು ಗಂಟೆ. ಮೂರು ತಿಂಗಳು. ಲೆಕ್ಕ ಹಾಕುವ ಧೈರ್ಯ ಬರಲಿಲ್ಲ. ಏಣಿಯಿಂದ ಹಾರಿ ಉಯ್ಯಾಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದೆ.

ಅಮ್ಮು ಚೀರಿದಳು. ಬೆಲ್ಟು ಬಿಚ್ಚಿ ಎತ್ತಿಕೊಂಡಾಗ ನನ್ನ ಕೈ ಕಚ್ಚಿದಳು. ಗಂಡ ಪೇಟೆಗೆ ಹೋಗಿದ್ದ, ಒಳಗಿನಿಂದ ಸುಂದರಿ ಓಡಿಬಂದಳು.

"ಎಂತಾಯ್ತು ಅಣ್ಣ? ಯಾಕೆ ಇಳಿಸಿದ್ದು ಅವಳನ್ನು?"

"ಇವಳನ್ನು ಹಿಡ್ಕೋ. ಇದರಲ್ಲಿ ಕೂರಿಸ್ಬೇಡ."

ಎಡಗಡೆಯ ಎರಡೂ ನಟ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಸರಳನ್ನು ಕೆಳಗಿಳಿಸಿದೆ. ಬೈಕಿನ ಪೆಟ್ಟಿಗೆಯಲ್ಲಿ ಬಿರುಕು ನೋಡುವ ಸ್ಪ್ರೇ ಡಬ್ಬಿಗಳಿದ್ದವು. ಮೊದಲು ಕೆಂಪು ಬಣ್ಣ ಹೊಡೆದು ಸ್ವಲ್ಪ ಹೊತ್ತು ಬಿಟ್ಟು ಒರೆಸಬೇಕು. ಆಮೇಲೆ ಬಿಳಿ ಪುಡಿ ಹೊಡೆಯಬೇಕು. ಬಿರುಕಿದ್ದರೆ ಅದರೊಳಗೆ ಉಳಿದ ಕೆಂಪು ಬಿಳಿಯ ಮೇಲೆ ಮೂಡಿ ಬರುತ್ತದೆ. ಹತ್ತು ನಿಮಿಷ ಕಾದೆ. ಆ ಹತ್ತು ನಿಮಿಷವೂ ಅಮ್ಮು ಸುಂದರಿಯ ಮಡಿಲಲ್ಲಿ ತನ್ನನ್ನು ತಾನೇ ಮುಂದೆ ಹಿಂದೆ ತೂಗಿಕೊಳ್ಳುತ್ತಿದ್ದಳು.

ಬಂತು. ಸರಳಿನ ಅರ್ಧ ಸುತ್ತಿಗೆ ಕೂದಲೆಳೆಯಷ್ಟು ಕೆಂಪು ಗೆರೆ.

ಸುಂದರಿ ಬಗ್ಗಿ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. "ಅಯ್ಯೋ ದೇವರೇ, ನೀನು ಹೇಳಿದ್ದೇ ಸರಿ ಅಣ್ಣ. ನಿನ್ನೆ ಎಲ್ಲರೂ ನಿಂಗೆ ಹೊಟ್ಟೆಕಿಚ್ಚು ಅಂದ್ರು. ನಾನೂ ಅಂದೆ. ಇನ್ನು ಬೇರೆ ಯಾರೂ ಬೇಡ, ನೀನೇ ಮಾಡಿಕೊಡು" ಅಂದಳು. ಫೋನ್ ತೆಗೆದು ಸುಕುಮಾರನಿಗೆ ಕೂಡಲೇ ಬರಲು ಹೇಳಿದಳು.

ಆರು ತಿಂಗಳಿಂದ ನಾನು ಕಾದಿದ್ದ ಮಾತು ಅದು. ನೀನೇ ಮಾಡಿಕೊಡು. ಕೇಳಲು ಎಷ್ಟು ಹಿತವಾಗಿತ್ತು! ಜೇಬಿನಲ್ಲಿ ಎರಡು ನಟ್ ಇದ್ದವು. ಅವು ಎಷ್ಟು ಬಿಗಿಯಾಗಿದ್ದವು ಅನ್ನುವುದು ಬಿಚ್ಚಿದ ನನ್ನ ಕೈಗೆ ಮಾತ್ರ ಗೊತ್ತು. ಸುಮ್ಮನಿದ್ದರೆ ಸಾಕಿತ್ತು, ಸುಳ್ಳು ಕೂಡ ಹೇಳಬೇಕಾಗಿರಲಿಲ್ಲ.

ಸುಕುಮಾರ ಬಂದ. ಸ್ಕೂಟರಿನ ಶಬ್ದಕ್ಕೆ ಅಮ್ಮು ಒಮ್ಮೆ ತಲೆಯೆತ್ತಿದಳು, ಕೈ ಬಡಿಯಲಿಲ್ಲ. ಅವನು ಸಿಟೌಟಿನಲ್ಲಿ ಕುಕ್ಕರುಗಾಲಲ್ಲಿ ಕೂತು ಆ ಕೆಂಪು ಗೆರೆಯನ್ನು ಬಹಳ ಹೊತ್ತು ನೋಡಿದ. ಬೆರಳಿನಲ್ಲಿ ಮುಟ್ಟಿದ.

"ಇದು ಬಿದ್ದಿದ್ದರೆ..." ಅಂದ. ನನ್ನ ಕಡೆ ತಿರುಗಿದ. "ಎರಡರಲ್ಲಿ ಒಂದು ಸರಳು ಕೆಟ್ಟದ್ದು ಬಂದಿರ್ಬೇಕು ಭಾವ. ನಾನು ನೋಡಿ ತರ್ಬೇಕಿತ್ತು. ಬೆಳಿಗ್ಗೆ ಅಷ್ಟು ದೊಡ್ಡ ಮಾತಾಡಿ ಬಂದೆ, ಕ್ಷಮಿಸಿ. ಟೀಚರಿಗೆ ನಾನೇ ಫೋನ್ ಮಾಡ್ತೇನೆ. ಐದನ್ನೂ ನೀವೇ ಮಾಡಿ. ನನ್ನ ಕೈಯಿಂದ ಇನ್ನು ಮಕ್ಕಳ ಕೆಲಸ ಬೇಡ."

ಫೋನ್ ತೆಗೆದೂ ಬಿಟ್ಟ. ಬೆರಳು ಟೀಚರ ಹೆಸರು ಹುಡುಕುತ್ತಿತ್ತು.

ನನಗೆ ಏನು ಬಂತೋ ಗೊತ್ತಿಲ್ಲ. ಒಳ್ಳೆಯತನ ಅಂತ ಹೇಳಲಾರೆ, ಅಷ್ಟು ಒಳ್ಳೆಯವನಲ್ಲ ನಾನು. ಅವನ ಬೆಸುಗೆಯ ಗೆರೆಯಲ್ಲಿ ಕೆಂಪು ಒಂದು ಚುಕ್ಕಿಯೂ ಮೂಡಿರಲಿಲ್ಲ. ಅಷ್ಟು ಒಳ್ಳೆಯ ಕೆಲಸ ಮಾಡಿದ ಕೈ ನನ್ನ ಮುಂದೆ ತನ್ನ ಕೆಲಸವನ್ನು ತಾನೇ ಬಿಟ್ಟುಕೊಡುವುದನ್ನು ನೋಡಲಾಗಲಿಲ್ಲ. ಕಸುಬಿನವನ ಹೊಟ್ಟೆಕಿಚ್ಚಿಗೂ ಒಂದು ನಾಚಿಕೆ ಅಂತ ಉಂಟು.

"ಫೋನ್ ಇಡು ಸುಕುಮಾರ. ಸರಳು ಒಳ್ಳೇದೇ."

ಎರಡು ನಟ್ ಜೇಬಿನಿಂದ ತೆಗೆದು ಸರಳಿನ ಪಕ್ಕ ಇಟ್ಟೆ.

"ಇದು ಸಡಿಲ ಇತ್ತು. ಬಿಗಿದದ್ದು ನಾನು. ಕಿರ್ ಅನ್ನುತ್ತಾ ಇತ್ತಲ್ಲ, ಆವತ್ತು."

ಅವನು ನಟ್ ನೋಡಿದ, ಮೇಲೆ ಬೋಲ್ಟು ನೋಡಿದ, ನನ್ನನ್ನು ನೋಡಿದ. ಅರ್ಥವಾಗಲು ಅವನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಕಸುಬು ಗೊತ್ತಿದ್ದವನಲ್ಲವಾ.

"ಎರಡನೇ ನಟ್ ಕಾಣ್ಲಿಲ್ವಾ ಭಾವ?"

"ಕಂಡಿತು."

ಅವನು ಎರಡೂ ನಟ್ಟನ್ನು ತನ್ನ ಜೇಬಿಗೆ ಹಾಕಿಕೊಂಡ. ಆಮೇಲೆ ಕೇಳಿದ್ದು ಸುಂದರಿ. ನಟ್ಟಿನ ವಿಷಯ ಅವಳಿಗೆ ಪೂರ್ತಿ ತಿಳಿಯಿತೋ ಇಲ್ಲವೋ, ಅವಳು ಕೇಳಿದ್ದು ಬೇರೆಯೇ.

"ಆ ಶಬ್ದ ಅವಳಿಗೆ ಪ್ರೀತಿ ಇತ್ತು ಅಣ್ಣ. ಕಿರ್ ಅಂದ ಹಾಗೆ ಅವಳೂ ಗುನುಗ್ತಾ ಇದ್ದಳು. ನೀನು ನಿಲ್ಲಿಸಿದ ದಿನದಿಂದ ಅವಳು ನಿನ್ನ ಮುಖ ನೋಡಿದ್ದುಂಟಾ?"

ಇಲ್ಲ. ನೋಡಿರಲಿಲ್ಲ. ಅದನ್ನೂ ನಾನು ಸುಕುಮಾರನ ಖಾತೆಗೆ ಹಾಕಿದ್ದೆ. ಅವನೇ ಮಗುವನ್ನು ಒಲಿಸಿಕೊಂಡು ನನ್ನಿಂದ ದೂರ ಮಾಡಿದ ಅಂತ ಮೂರು ತಿಂಗಳು ಕುದಿದಿದ್ದೆ. ಅಮ್ಮು ಕಚ್ಚಿದ ಜಾಗ ಆಗ ಉರಿಯಲು ಶುರುವಾಯಿತು. ನಾನು ಮುಖ ತೊಳೆಯುವ ನೆಪದಲ್ಲಿ ಬಾವಿಕಟ್ಟೆಯ ಹತ್ತಿರ ಹೋಗಿ ನಿಂತೆ.

ನಾಲ್ಕನೇ ದಿನ ಸುಕುಮಾರ ಎರಡೂ ಸರಳು ಹೊಸದು ಮಾಡಿ ತಂದ. ನನ್ನನ್ನು ಕರೆಯಬೇಕಾಗಿರಲಿಲ್ಲ, ಆದರೂ ಕರೆದ. ಏಣಿ ಇಟ್ಟು ಸ್ಪಾನರನ್ನು ನನ್ನ ಕೈಗೆ ಕೊಟ್ಟ. "ನೀವೇ ಹತ್ತಿ ಭಾವ" ಅಂದ. ಹತ್ತಿದೆ. ನಟ್ಟನ್ನು ಪ್ಲೇಟಿಗೆ ತಾಗುವವರೆಗೆ ತಿರುಗಿಸಿ, ಅರ್ಧ ಸುತ್ತು ಹಿಂದೆ ಬಿಟ್ಟೆ. ಅದು ಅಲುಗದ ಹಾಗೆ ಒಂದು ಸ್ಪಾನರಿನಲ್ಲಿ ಹಿಡಿದುಕೊಂಡು ಎರಡನೇ ನಟ್ಟನ್ನು ಅದಕ್ಕೆ ಒತ್ತಿ ಬಿಗಿದೆ. ಕೆಳಗಿನಿಂದ ಅವನು ನೋಡುತ್ತಿದ್ದ.

ಹೊಸದಾದ್ದರಿಂದ ಶಬ್ದ ಇರಲಿಲ್ಲ. ಅಮ್ಮು ಕೂತು ಎರಡು ಸಲ ತೂಗಿಕೊಂಡು ಅಳುಮುಖ ಮಾಡಿದಳು. ನಾನು ಮತ್ತೆ ಏಣಿ ಹತ್ತಿ ಎಡಗಡೆಯ ಬೋಲ್ಟಿಗೆ ಸುಕುಮಾರ ಹಚ್ಚಿದ್ದ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿದೆ. ಮೂರನೇ ಸಲಕ್ಕೆ ಸಣ್ಣಗೆ ಕಿರ್ ಅಂದಿತು. ಅವಳು ಕಿವಿಗೊಟ್ಟು ಕೇಳಿದಳು. ಆಮೇಲೆ ನಕ್ಕಳು.

"ಶಾಲೆಯ ಐದು ಉಯ್ಯಾಲೆ ನಾನೇ ಮಾಡ್ತೇನೆ" ಅಂದ ಸುಕುಮಾರ, ಉಪಕರಣ ಕಟ್ಟಿಕೊಳ್ಳುತ್ತಾ. "ಆದ್ರೆ ತಿಂಗಳಿಗೊಮ್ಮೆ ನೀವು ಹೋಗಿ ಮ್ಯಾಗ್ನೆಟ್ ಇಟ್ಟು ನೋಡ್ಬೇಕು ಭಾವ. ಟೀಚರಿಗೆ ಹೇಳಿ ಆಗಿದೆ."

"ನಾನು ಯಾಕೆ? ಬೇರೆ ಯಾರೂ ಇಲ್ವಾ ನಿಂಗೆ?"

"ನನ್ನ ಕೆಲಸದಲ್ಲಿ ತಪ್ಪು ಸಿಗ್ಲಿ ಅಂತ ನಿಮ್ಮಷ್ಟು ಆಸೆಯಿಂದ ಹುಡುಕುವವರು ಈ ಊರಲ್ಲಿ ಬೇರೆ ಯಾರಿದ್ದಾರೆ ಹೇಳಿ."

ಹಂಗಿಸಲು ಹೇಳಿದ್ದಲ್ಲ. ಹಂಗಿಸಿದ್ದರೆ ಉತ್ತರ ಕೊಡುತ್ತಿದ್ದೆ. ಅವನು ನಿಜವಾಗಿಯೂ ಹಾಗೆ ಅಂದುಕೊಂಡೇ ಹೇಳಿದ, ಹೇಳಿ ಸ್ಕೂಟರ್ ಸ್ಟಾರ್ಟ್ ಮಾಡಿದ. ಅಮ್ಮು ಗೇಟಿನ ಕಡೆ ತಿರುಗಿ ಎರಡೂ ಕೈ ಬಡಿದಳು.

ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ. ಉಯ್ಯಾಲೆಗಳನ್ನು ಕೂರಿಸಿ ಆದ ಮರುತಿಂಗಳ ಮೊದಲ ಸೋಮವಾರ ಮ್ಯಾಗ್ನೆಟ್ ಹಿಡಿದುಕೊಂಡು ಶಾಲೆಗೆ ಹೋದೆ. ಐದು ಉಯ್ಯಾಲೆ, ಹತ್ತು ಸರಳು. ಒಂದು ತಪ್ಪಾದರೂ ಸಿಗಲಿ ಅಂತ ಒಂದೊಂದನ್ನೂ ಹುಡುಕಿದೆ. ಆದರೆ ಪ್ರತಿ ಸಲವೂ ಏಣಿ ಹತ್ತಿ ಮೊದಲು ಕೈಯಿಟ್ಟದ್ದು ನಟ್ಟಿನ ಮೇಲೆ, ಯಾರಾದರೂ ಬಿಗಿದಿದ್ದಾರಾ ಅಂತ.